ಹೋಗಿ ಬರ್ತೀನಿ, ಪುಟ್ಟಾ

ಶಾಲೆಗೆ ಮೊದಲ ಹೆಜ್ಜೆ ಇಡುವ ಮಗುವಿಗೆ ಮನೆಯಲ್ಲೇ ಮಾಡಿಸಬಹುದಾದ ತಯಾರಿ

ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ನಮ್ಮಜ್ಜಿ ತಡೆದು ನಿಲ್ಲಿಸುತ್ತಿದ್ದರು. ‘ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು’ ಎಂದು ಹೇಳಿಸಿಯೇ ಕಳಿಸುತ್ತಿದ್ದರು. ಚಿಕ್ಕಂದಿನಲ್ಲಿ ನಾನದನ್ನು ಶಕುನದ ಮಾತು ಎಂದುಕೊಂಡಿದ್ದೆ. ಮಗಳನ್ನು ನರ್ಸರಿಗೆ ಬಿಟ್ಟ ಮೊದಲ ವಾರ ಆ ಮಾತಿನ ಬೆಲೆ ತಿಳಿಯಿತು.

ಅವಳಿಗಾಗ ಮೂರು ವರ್ಷ ಎರಡು ತಿಂಗಳು. ಮೊದಲ ದಿನ ಬಣ್ಣದ ಚೆಂಡುಗಳ ರಾಶಿ ಕಂಡವಳೇ ನನ್ನ ಕೈ ಬಿಡಿಸಿಕೊಂಡು ಓಡಿದಳು. ‘ಆಟದಲ್ಲಿದ್ದಾಳೆ, ನೀವು ಸುಮ್ನೆ ಹೊರಟುಬಿಡಿ, ನೋಡಿದ್ರೆ ಅಳ್ತಾಳೆ’ ಎಂದು ಯಾರೋ ಪಿಸುಗುಟ್ಟಿದರು. ಚಪ್ಪಲಿಯ ಸದ್ದಾಗದಂತೆ ಹೊರಗೆ ಬಂದೆ. ಮಧ್ಯಾಹ್ನ ಕರೆತರಲು ಹೋದಾಗ ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು. ಅಲ್ಲಿಂದ ಹತ್ತು ದಿನ ನಾನು ಬಚ್ಚಲಿಗೆ ಹೋದರೂ ಹೊರಗೆ ಕೂತು ಬಾಗಿಲು ಬಡಿಯುತ್ತಿದ್ದಳು. ರಾತ್ರಿ ನಿದ್ದೆಯಲ್ಲೂ ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿರುತ್ತಿತ್ತು. ಶಾಲೆಯ ಬಗ್ಗೆ ಅವಳಿಗೆ ದೂರೇನೂ ಇರಲಿಲ್ಲ. ತಾನು ಕಣ್ಣು ಆಚೆ ಹೊರಳಿಸಿದರೆ ಅಮ್ಮ ಮಾಯವಾಗುತ್ತಾಳೆ ಎಂಬುದು ಆ ದಿನ ಅವಳು ಕಲಿತ ಪಾಠ. ಕಲಿಸಿದವಳು ನಾನು.

ಅಂದಿನಿಂದ ಯಾವ ತಾಯಿ ತಂದೆ ಸಲಹೆ ಕೇಳಿದರೂ ನಾನು ಮೊದಲು ಹೇಳುವುದು ಇಷ್ಟೇ: ಮಗುವನ್ನು ಶಾಲೆಗೆ ತಯಾರು ಮಾಡುವುದೆಂದರೆ ‘ಹೋದವರು ಬರುತ್ತಾರೆ’ ಎಂಬ ನಂಬಿಕೆಯನ್ನು ಅದರೊಳಗೆ ಕಟ್ಟುವುದು. ನಿದ್ದೆ, ಊಟ, ಶೌಚ, ಮಾತು, ಹೊಸ ಬ್ಯಾಗು ಎಲ್ಲವೂ ಆ ನಂಬಿಕೆಗೆ ಆಸರೆ. ಇವನ್ನು ಕೊನೆಯ ವಾರದಲ್ಲಿ ಕಲಿಸಲು ಆಗುವುದಿಲ್ಲ. ಜೂನ್‌ನಲ್ಲಿ ಶಾಲೆ ಎಂದರೆ ಯುಗಾದಿಯ ಹೊತ್ತಿಗೇ ಶುರು ಮಾಡಿದರೆ ನಿರಾಳ.

ಯಾವ ವಯಸ್ಸಿಗೆ, ಎಲ್ಲಿಗೆ?

ಅವಸರ ಬೇಡ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ಬಂದಿದೆ. 2025–26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಹಾಗಾಗಿ ದಾಖಲಾತಿಗೆ ಮೊದಲು ಆಯಾ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ. ಹಿಂದಕ್ಕೆ ಎಣಿಸಿದರೆ ಯುಕೆಜಿಗೆ 5, ಎಲ್‌ಕೆಜಿಗೆ 4, ನರ್ಸರಿಗೆ 3 ವರ್ಷ. ಎರಡೂವರೆಗೇ ತಂದು ಸೇರಿಸಿದರೆ ಮುಂದೆ ಎಲ್ಲೋ ಒಂದು ಕಡೆ ಮಗು ಕಾಯಬೇಕಾಗುತ್ತದೆ, ಇಲ್ಲವೇ ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕಾಗುತ್ತದೆ.

ಖಾಸಗಿ ನರ್ಸರಿಯೊಂದೇ ದಾರಿಯಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 3ರಿಂದ 6 ವರ್ಷದ ಮಕ್ಕಳಿಗೆ ಅಲ್ಲಿ ಬಿಸಿ ಊಟ, ತೂಕ ಎತ್ತರದ ತಪಾಸಣೆ, ‘ಚಿಲಿಪಿಲಿ’ ಪಠ್ಯಕ್ರಮದ ಹಾಡು, ಕತೆ, ಆಟ ಎಲ್ಲವೂ ಉಚಿತ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಮನೆಮಾತಿಗೆ ಹತ್ತಿರವಾದ ಭಾಷೆ, ಓಣಿಯ ಗುರುತಿರುವ ಮುಖಗಳು ಇವು ಮೂರು ವರ್ಷದ ಮಗುವಿಗೆ ದೊಡ್ಡ ಅನುಕೂಲ. ಹೆಸರು ಕೇಳಿಯೇ ಮೂಗು ಮುರಿಯುವ ಮೊದಲು ಒಂದು ಬೆಳಗ್ಗೆ ಹೋಗಿ ಕೂತು ನೋಡಿ ಬನ್ನಿ.

ನೋಡಲು ಹೋದಾಗ ಏನು ನೋಡಬೇಕು?

ಗೋಡೆಯ ಬಣ್ಣ, ಎ.ಸಿ., ಮೊಬೈಲ್ ಆ್ಯಪ್ ಆಮೇಲಿನ ಮಾತು. ಅಳುವ ಮಗುವನ್ನು ಅಲ್ಲಿಯವರು ಏನು ಮಾಡುತ್ತಾರೆ ಎಂಬುದನ್ನು ನೋಡಿ. ಎತ್ತಿಕೊಳ್ಳುತ್ತಾರೋ, ಮೂಲೆಯಲ್ಲಿ ಕೂರಿಸುತ್ತಾರೋ? ಟೀಚರ್ ಮಕ್ಕಳ ಜೊತೆ ಮಾತಾಡುವಾಗ ಕೆಳಗೆ ಕೂರುತ್ತಾರೋ, ನಿಂತಲ್ಲಿಂದಲೇ ಕೂಗುತ್ತಾರೋ? ಶೌಚಾಲಯಕ್ಕೆ ನೀವೇ ಹೋಗಿ ನೋಡಿ: ನೀರಿದೆಯೇ, ನೆಲ ಜಾರುತ್ತದೆಯೇ, ಒಳಗಿನ ಚಿಲಕ ಮಗುವಿನ ಕೈಗೆ ಸಿಕ್ಕು ಬೀಗ ಬೀಳುವಂತಿದೆಯೇ? ಗೇಟಿನಲ್ಲಿ ಯಾರು ಬಂದರೂ ಮಗುವನ್ನು ಕೊಟ್ಟು ಕಳಿಸುತ್ತಾರೆಯೇ, ಗುರುತು ನೋಡುತ್ತಾರೆಯೇ? ಮಕ್ಕಳು ಮಣ್ಣಿನಲ್ಲಿ ಕೈಯಾಡಿಸಲು ಒಂದಿಷ್ಟು ಬಯಲಾದರೂ ಇದೆಯೇ?

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ‘ಮೊದಲ ವಾರ ನಾವು ಸ್ವಲ್ಪ ಹೊತ್ತು ಜೊತೆಗಿರಬಹುದೇ? ಮೊದಲು ಒಂದು ಗಂಟೆ, ಆಮೇಲೆ ಎರಡು ಗಂಟೆ ಹೀಗೆ ಹೆಚ್ಚಿಸಬಹುದೇ?’ ಇದಕ್ಕೆ ಒಪ್ಪುವ ಶಾಲೆ ಮಕ್ಕಳನ್ನು ಬಲ್ಲ ಶಾಲೆ. ‘ಮೂರು ವರ್ಷಕ್ಕೇ ಅಆಇಈ ಪೂರ್ತಿ ಬರೆಸುತ್ತೇವೆ’ ಎಂದು ಹೆಮ್ಮೆಪಡುವ ಕಡೆ ಸ್ವಲ್ಪ ಯೋಚಿಸಿ.

ದಾಖಲೆಗಳ ಪೈಕಿ ಜನನ ಪ್ರಮಾಣಪತ್ರ ಮೊದಲು ಸಿದ್ಧವಿರಲಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾನೂನಿನ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ದಾಖಲಾತಿಯಲ್ಲಿ ಹುಟ್ಟಿದ ದಿನ, ಸ್ಥಳಕ್ಕೆ ಅದೇ ಆಧಾರ. ಹೆಸರಿನ ಕಾಗುಣಿತ ತಪ್ಪಿದ್ದರೆ ಈಗಲೇ ತಿದ್ದಿಸಿ.

ಅಕ್ಷರಕ್ಕೆ ಮೊದಲು ಬೆರಳು

ವಿಜಯದಶಮಿಯಂದು ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲೋ ಊರ ಗುಡಿಯಲ್ಲೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರಾಭ್ಯಾಸ ಮಾಡಿಸುವುದನ್ನು ನೆನಪಿಸಿಕೊಳ್ಳಿ. ಅಲ್ಲಿ ಪೆನ್ಸಿಲ್ ಇಲ್ಲ. ತಟ್ಟೆಯ ತುಂಬ ಅಕ್ಕಿ, ಅದರ ಮೇಲೆ ಮಗುವಿನ ಬೆರಳು, ಬೆರಳಿನ ಮೇಲೆ ಹಿರಿಯರ ಕೈ. ಮೂರು ವರ್ಷದ ಕೈಗೆ ತಕ್ಕ ಬರವಣಿಗೆ ಅದೇ. ಅಂಗೈ, ಬೆರಳಿನ ಸಣ್ಣ ಸ್ನಾಯುಗಳು ಇನ್ನೂ ಬಲಿಯಬೇಕಾದ ವಯಸ್ಸಿನಲ್ಲಿ ನಾಲ್ಕು ಗೆರೆಯ ಪುಸ್ತಕ ತುಂಬಿಸಲು ಕೂರಿಸಿದರೆ ಕೈ ನೋಯುತ್ತದೆ, ಅಕ್ಷರದ ಮೇಲೆ ಮುನಿಸು ಹುಟ್ಟುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಹಿಡಿದಿದೆ. 2022ರಲ್ಲಿ ಬಂದ ಅದರ ಪಠ್ಯಕ್ರಮ ಚೌಕಟ್ಟು ಆ ಹಂತದ ಕಲಿಕೆ ಆಟದ ಮೂಲಕ ಆಗಬೇಕು ಎನ್ನುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಆ ಆಟಕ್ಕೆ ಬೇಕಾದ ಸಾಮಾನು ಎಲ್ಲ ಇದೆ. ಅವರೆಕಾಯಿ, ಬಟಾಣಿ ಸುಲಿಯಲು ಕೊಡಿ. ಚಪಾತಿ ಹಿಟ್ಟಿನ ಒಂದು ಉಂಡೆ ಮಗುವಿನ ಪಾಲಿಗಿರಲಿ. ಹಾವು ಹೊಸೆಯಲಿ, ಉಂಡೆ ಕಟ್ಟಲಿ. ಕೊತ್ತಂಬರಿ ಸೊಪ್ಪಿನ ಎಲೆ ಬಿಡಿಸಲಿ. ಒಗೆದ ಬಟ್ಟೆಗೆ ಕ್ಲಿಪ್ ಹಾಕಲಿ. ಚನ್ನಪಟ್ಟಣದ ಮರದ ಬಳೆಗಳನ್ನು ಕಂಬಕ್ಕೆ ಪೋಣಿಸಲಿ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುವಾಗ ಚುಕ್ಕಿ ಇಡುವ ಕೆಲಸ ಅದಕ್ಕೇ ಬಿಡಿ. ಮುಂದೆ ಪೆನ್ಸಿಲ್ ಹಿಡಿಯುವ ಹಿಡಿತ ಇಲ್ಲೇ ಬೆಳೆಯುತ್ತದೆ.

ಅಕ್ಷರ, ಅಂಕಿ ಬರದ ಮಗುವನ್ನು ಟೀಚರ್ ಸಲೀಸಾಗಿ ಸಂಭಾಳಿಸುತ್ತಾರೆ. ಬಾಯಾರಿಕೆಯನ್ನು ಹೇಳಲು ಬಾರದ, ಚಡ್ಡಿ ಎಳೆದುಕೊಳ್ಳಲು ಬಾರದ, ತನ್ನ ಸರದಿಗೆ ಎರಡು ನಿಮಿಷ ಕಾಯಲು ಬಾರದ ಮಗುವಿಗೆ ಶಾಲೆ ಕಷ್ಟವಾಗುತ್ತದೆ. ತಯಾರಿಯ ಗಮನ ಅಲ್ಲಿರಲಿ.

ಬೆಳಗಿನ ಲಯ

ಏಪ್ರಿಲ್, ಮೇ ನಮ್ಮಲ್ಲಿ ಮದುವೆ, ಜಾತ್ರೆ, ಅಜ್ಜಿ ಮನೆಯ ಕಾಲ. ಮಕ್ಕಳು ಮಲಗುವುದು ಹನ್ನೊಂದಕ್ಕೆ, ಏಳುವುದು ಒಂಬತ್ತಕ್ಕೆ. ಆ ಸುಖವನ್ನು ಕಸಿಯಬೇಡಿ. ಆದರೆ ಶಾಲೆ ಶುರುವಾಗುವ ಮೂರು ವಾರ ಮೊದಲು ಊರಿನಿಂದ ಮರಳಿ ಬನ್ನಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮಲಗುವ, ಏಳುವ ವೇಳೆಯನ್ನು ಹಿಂದಕ್ಕೆ ಎಳೆಯಿರಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 3–4 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು; ಓಡುವುದು, ಹತ್ತುವುದು, ಜಿಗಿಯುವುದು ಎಲ್ಲ ಸೇರಿ ಕನಿಷ್ಠ 3 ಗಂಟೆ ಮೈ ದಣಿಯಬೇಕು; ಮೊಬೈಲ್, ಟಿ.ವಿ. ಮುಂದೆ ಕೂರುವುದು 1 ಗಂಟೆ ಮೀರಬಾರದು. ಬೆಳಗ್ಗೆ 7ಕ್ಕೆ ಏಳಬೇಕಾದ ಮಗು ರಾತ್ರಿ 9ರೊಳಗೆ ಮಲಗಿದರೆ ಈ ಲೆಕ್ಕ ಕೂಡುತ್ತದೆ. ರಾತ್ರಿ ಊಟ ಎಂಟಕ್ಕೆ ಮುಗಿಯಲಿ, ಆಮೇಲೆ ಮೊಬೈಲ್ ಬೇಡ, ದೀಪ ಮಂದ ಮಾಡಿ ಒಂದು ಕತೆ. ನಿತ್ಯ ಅದೇ ಕ್ರಮದಲ್ಲಿ ನಡೆದರೆ ಹತ್ತು ದಿನದಲ್ಲಿ ಮಗುವಿನ ಕಣ್ಣು ತಾನಾಗಿ ಮುಚ್ಚತೊಡಗುತ್ತದೆ.

ಕೊನೆಯ ವಾರ ಶಾಲೆಯ ವೇಳೆಗೇ ಸ್ನಾನ, ತಿಂಡಿ, ಚಪ್ಪಲಿ, ಬ್ಯಾಗು ಎಲ್ಲ ಮುಗಿಸಿ ಶಾಲೆಯ ಗೇಟಿನವರೆಗೆ ನಡೆದು ವಾಪಸು ಬನ್ನಿ. ದಾರಿಯ ಹಸು, ಹಣ್ಣಿನ ಗಾಡಿ, ಅರಳಿಮರ ಮಗುವಿಗೆ ಗುರುತಾಗುತ್ತವೆ. ಗುರುತಿದ್ದಲ್ಲಿ ಭಯ ಕಡಿಮೆ.

ಸುಸ್ಸು, ಕಕ್ಕ, ಚಡ್ಡಿ

ನಾಚಿಕೆಯಿಂದ ನಾವು ಮುಂದೂಡುವ ವಿಷಯ ಇದು. ಮಕ್ಕಳು ಶಾಲೆಯನ್ನು ದ್ವೇಷಿಸಲು ಎಷ್ಟೋ ಸಲ ಇದೇ ಕಾರಣ. ಮನೆಯಲ್ಲಿ ಕಮೋಡ್ ಮಾತ್ರ ಕಂಡ ಮಗು ಶಾಲೆಯ ಕುಕ್ಕರಗಾಲಿನ ಶೌಚಾಲಯ ಕಂಡು ಹೆದರಿ ದಿನವಿಡೀ ತಡೆದುಕೊಳ್ಳುತ್ತದೆ. ಅದರಿಂದ ಮಲಬದ್ಧತೆ, ಹೊಟ್ಟೆನೋವು, ಆಮೇಲೆ ‘ಸ್ಕೂಲು ಬೇಡ’ ಎಂಬ ಹಟ. ಶಾಲೆಯಲ್ಲಿ ಯಾವ ಬಗೆ ಇದೆಯೋ ನೋಡಿಕೊಂಡು ನೆಂಟರ ಮನೆಯಲ್ಲಾದರೂ ರೂಢಿ ಮಾಡಿಸಿ.

ಡೈಪರ್ ಬಿಡಿಸುವುದಾದರೆ ಶಾಲೆ ಸೇರುವ ವಾರದಲ್ಲಿ ಬೇಡ, ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ. ಎದ್ದ ಕೂಡಲೇ, ಊಟವಾದ ಮೇಲೆ, ಹೊರಡುವ ಮುನ್ನ ಕೂರಿಸಿ. ಒದ್ದೆಯಾದರೆ ಬೈಯಬೇಡಿ, ಎಲ್ಲರ ಮುಂದೆ ಆಡಿಕೊಳ್ಳಬೇಡಿ. ಬೆಳಗಿನ ತಿಂಡಿಯ ನಂತರ ಹತ್ತು ನಿಮಿಷ ಶೌಚಕ್ಕೆ ಬಿಡುವು ಸಿಗುವಂತೆ ಬೇಗ ಎಬ್ಬಿಸಿ.

ನಿಮ್ಮ ಮನೆಯಲ್ಲಿ ಅದಕ್ಕೆ ಬಳಸುವ ಪದ ಯಾವುದೆಂದು ಟೀಚರ್‌ಗೆ ತಿಳಿಸಿ. ‘ಸುಸ್ಸು’ ಅನ್ನುವ ಮಗು ‘ವಾಶ್‌ರೂಮ್’ ಎಂಬ ಪದ ಕೇಳಿಯೇ ಇರುವುದಿಲ್ಲ. ಬೆಲ್ಟು, ಜಿಪ್ಪು, ಹುಕ್ಕಿನ ಪ್ಯಾಂಟು ಬೇಡ. ಎಲಾಸ್ಟಿಕ್ ಚಡ್ಡಿ, ಅಂಟುಪಟ್ಟಿಯ ಶೂ ಸಾಕು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಸದಾ ಇರಲಿ. ಶಾಲೆಯೂ ಮಳೆಯೂ ಒಟ್ಟಿಗೆ ಶುರುವಾಗುವ ಮಲೆನಾಡು, ಕರಾವಳಿಯಲ್ಲಾದರೆ ಎರಡು ಜೊತೆ.

ಇದೇ ಹೊತ್ತಿಗೆ ಕಲಿಸಬೇಕಾದ ಇನ್ನೊಂದು ಪಾಠ: ಚಡ್ಡಿ ಮುಚ್ಚುವ ಜಾಗ ನಿನ್ನದು. ತೊಳೆಯಲು ಅಮ್ಮ, ಅಪ್ಪ, ನಾವು ಹೇಳಿದ ಆಯಾ ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಹೇಳಿದವರೇ ಆದರೂ ನಿನಗೆ ಇಷ್ಟವಾಗದ ಹಾಗೆ ಮುಟ್ಟಿದರೆ ಜೋರಾಗಿ ‘ಬೇಡ’ ಅನ್ನು, ಮನೆಗೆ ಬಂದು ಹೇಳು, ನಾನು ಬೈಯಲ್ಲ. ಹೆದರಿಸುವ ದನಿಯಲ್ಲಿ ಬೇಡ, ಕೈ ತೊಳೆಯುವುದನ್ನು ಕಲಿಸುವಷ್ಟೇ ಸಹಜವಾಗಿ ಹೇಳಿ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ನೆನಪಿರಲಿ.

ಡಬ್ಬಿಯ ಊಟ

ಮನೆಯಲ್ಲಿ ಮೊಬೈಲ್ ತೋರಿಸಿ, ಚಂದ್ರನನ್ನು ತೋರಿಸಿ, ಹಿಂದೆ ಹಿಂದೆ ಓಡಾಡಿ ತುತ್ತು ಇಡುತ್ತೇವೆ. ಶಾಲೆಯಲ್ಲಿ ಇಪ್ಪತ್ತು ಮಕ್ಕಳಿಗೆ ಹಾಗೆ ತಿನ್ನಿಸಲು ಯಾರಿಂದಲೂ ಆಗದು. ಮೇ ತಿಂಗಳಿಂದಲೇ ದಿನಕ್ಕೊಂದು ಹೊತ್ತು ಶಾಲೆಯ ಡಬ್ಬಿಯಲ್ಲೇ ಹಾಕಿ, ನೆಲದ ಮೇಲೆ ಕೂರಿಸಿ, ತಾನೇ ತಿನ್ನಲು ಬಿಡಿ. ಅರ್ಧ ಚೆಲ್ಲಿದರೂ ಚಿಂತೆಯಿಲ್ಲ. ಡಬ್ಬಿಯ ಮುಚ್ಚಳ, ನೀರಿನ ಬಾಟಲಿ ಮಗುವಿನ ಕೈಯಲ್ಲಿ ತೆರೆಯುತ್ತದೆಯೇ ನೋಡಿ. ಅಂಗಡಿಯಲ್ಲಿ ಕೊಳ್ಳುವಾಗಲೇ ಮಗುವಿನ ಕೈಗೆ ಕೊಟ್ಟು ತೆರೆಸಿ ನೋಡಿ ತನ್ನಿ.

ಮೊದಲ ತಿಂಗಳು ಹೊಸ ತಿಂಡಿ ಪ್ರಯೋಗ ಬೇಡ. ಚಿಕ್ಕ ಇಡ್ಲಿ, ತುಪ್ಪ ಸವರಿ ಸುತ್ತಿದ ಚಪಾತಿಯ ತುಂಡು, ಮೆತ್ತಗಿನ ರೊಟ್ಟಿ, ಬಾಳೆಹಣ್ಣು, ಅವಲಕ್ಕಿ ಹೀಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು, ಮಗುವಿಗೆ ಮೊದಲೇ ಇಷ್ಟವಾದದ್ದು ಇರಲಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿ, ಪಾಪ್‌ಕಾರ್ನ್ ಹಾಕಬೇಡಿ. ಈ ವಯಸ್ಸಿನಲ್ಲಿ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಯಾವುದಾದರೂ ತಿನಿಸಿಗೆ ಅಲರ್ಜಿ ಇದ್ದರೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಬರೆದು ಕೊಡಿ. ಡಬ್ಬಿ ಖಾಲಿಯಾಗದೆ ಬಂದರೆ ಮನೆಬಾಗಿಲಲ್ಲೇ ವಿಚಾರಣೆ ಬೇಡ.

ಮನೆಮಾತು, ಶಾಲೆಮಾತು

ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಆಡಿ ಬೆಳೆದ ಮಗು ಇಂಗ್ಲಿಷ್ ಶಾಲೆಗೆ ಹೊರಟರೆ ಹಲವು ಮನೆಗಳಲ್ಲಿ ಇದ್ದಕ್ಕಿದ್ದಂತೆ ‘ಕಮ್’, ‘ಈಟ್’, ‘ಸ್ಲೀಪ್’ ಶುರುವಾಗುತ್ತದೆ. ಅದರಿಂದ ಮಗುವಿಗೆ ಎರಡು ಕಡೆಯೂ ನೆಲೆ ತಪ್ಪುತ್ತದೆ. ದುಃಖವನ್ನು, ಹೆದರಿಕೆಯನ್ನು, ‘ಅವನು ನನ್ನ ತಳ್ಳಿದ’ ಎಂಬುದನ್ನು ಮಗು ಹೇಳಬಲ್ಲದ್ದು ಮನೆಮಾತಿನಲ್ಲಿ ಮಾತ್ರ. ಆ ಬಾಗಿಲು ತೆರೆದಿರಲಿ. ಮನೆಮಾತು ಗಟ್ಟಿಯಾಗಿದ್ದರೆ ಎರಡನೆಯ ಭಾಷೆ ಅದರ ಹೆಗಲೇರಿ ಬರುತ್ತದೆ.

ಶಾಲೆಯ ಭಾಷೆಯಲ್ಲಿ ಐದಾರು ಅಗತ್ಯದ ಮಾತು ಕಲಿಸಿದರೆ ಸಾಕು: ನೀರು ಬೇಕು, ಸುಸ್ಸು ಬಂತು, ನೋಯ್ತಿದೆ, ಬೇಡ, ಸಹಾಯ ಮಾಡಿ. ಜೊತೆಗೆ ತನ್ನ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು. ಮನೆಯಲ್ಲಿ ‘ಚಿನ್ನು’, ‘ಪುಟ್ಟ’ ಎಂದೇ ಕರೆಸಿಕೊಂಡ ಮಗುವಿಗೆ ಹಾಜರಿಯಲ್ಲಿ ಕೂಗುವ ಹೆಸರು ತನ್ನದೆಂದು ತಿಳಿಯುವುದೇ ಇಲ್ಲ. ಆ ಹೆಸರನ್ನೂ ಈಗಿನಿಂದ ಆಗಾಗ ಕರೆಯಿರಿ.

ದಿನಕ್ಕೊಂದು ಕತೆ ಹೇಳಿ, ಒಂದು ಶಿಶುಗೀತೆ ಹಾಡಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ನಮ್ಮ ಮಕ್ಕಳಿಗಾಗಿಯೇ ಬರೆದಿಟ್ಟ ಹಾಡುಗಳಿವೆ. ಕೂತು ಕೇಳುವ ಅಭ್ಯಾಸ, ಮುಂದೇನಾಯಿತು ಎಂದು ಕಾಯುವ ತಾಳ್ಮೆ ಕತೆಯಿಂದಲೇ ಬರುವುದು.

ಅಗಲಿಕೆಯ ಅಭ್ಯಾಸ

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕೈಗೂಸನ್ನು ಆಡಿಸುವಾಗ ಸೆರಗಿನಲ್ಲಿ ಮುಖ ಮುಚ್ಚಿ ಥಟ್ಟನೆ ತೆಗೆದು ನಗಿಸುತ್ತೇವಲ್ಲ, ಅದು ಅಗಲಿಕೆಯ ಮೊದಲ ಪಾಠ. ಮುಖ ಮರೆಯಾಗುತ್ತದೆ, ಮತ್ತೆ ಬರುತ್ತದೆ. ಆಮೇಲೆ ಕಣ್ಣಾಮುಚ್ಚಾಲೆ. ಶಾಲೆಗೆ ಮುಂಚಿನ ತಿಂಗಳುಗಳಲ್ಲಿ ಅದೇ ಆಟವನ್ನು ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತ ಹೋಗಿ.

ಮೊದಲು ಅಜ್ಜಿಯ ಜೊತೆ ಬಿಟ್ಟು ಬೀದಿಕೊನೆಯ ಅಂಗಡಿಗೆ ಹೋಗಿ ಬನ್ನಿ, ಹತ್ತು ನಿಮಿಷ. ಮುಂದಿನ ವಾರ ಪಕ್ಕದ ಮನೆಯಲ್ಲಿ ಅರ್ಧ ಗಂಟೆ. ಆಮೇಲೆ ಚಿಕ್ಕಮ್ಮನ ಮನೆಯಲ್ಲಿ ಒಂದು ಮಧ್ಯಾಹ್ನ. ಪ್ರತಿ ಸಲವೂ ಮೂರು ಕೆಲಸ ತಪ್ಪಬಾರದು. ಒಂದು, ಮಗುವಿನ ಕಣ್ಣು ನೋಡಿ ‘ಹೋಗಿ ಬರ್ತೀನಿ’ ಎಂದು ಹೇಳುವುದು. ಎರಡು, ಯಾವಾಗ ಬರುತ್ತೇನೆ ಎಂಬುದನ್ನು ಮಗುವಿಗೆ ಅರ್ಥವಾಗುವ ಗಡಿಯಾರದಲ್ಲಿ ಹೇಳುವುದು: ‘ನೀನು ಹಾಲು ಕುಡಿದು, ಗಿಡಕ್ಕೆ ನೀರು ಹಾಕಿ ಮುಗಿಸೋ ಹೊತ್ತಿಗೆ ಬಂದಿರ್ತೀನಿ.’ ಹನ್ನೆರಡು ಗಂಟೆ ಎಂದರೆ ಮೂರು ವರ್ಷದ ಮಗುವಿಗೆ ಏನೂ ತಿಳಿಯದು. ಮೂರು, ಹೇಳಿದ ಹೊತ್ತಿಗೆ ಬರುವುದು, ಬಂದು ‘ನೋಡು, ಬರ್ತೀನಿ ಅಂದಿದ್ದೆ, ಬಂದೆ’ ಎಂದು ನೆನಪಿಸುವುದು.

ಶಾಲೆಯಾಟ ಆಡಿ. ಒಂದು ದಿನ ಮಗುವೇ ಟೀಚರ್, ನೀವು ಅಳುವ ಮಗು. ನಿಮ್ಮನ್ನು ಅದು ಹೇಗೆ ಸಮಾಧಾನ ಮಾಡುತ್ತದೆ ನೋಡಿ. ಅದಕ್ಕೆ ಯಾವ ಸಮಾಧಾನ ಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬಾಯಿಗೆ ಬರಬಾರದ ಮಾತು

‘ಹಟ ಮಾಡಿದ್ರೆ ಸ್ಕೂಲಿಗೆ ಹಾಕ್ತೀನಿ ನೋಡು.’ ‘ಇರು, ಟೀಚರ್‌ಗೆ ಹೇಳ್ತೀನಿ, ಬೆತ್ತ ತಗೋತಾರೆ.’ ಸಿಟ್ಟಿನಲ್ಲಿ ಎಲ್ಲರ ಬಾಯಿಗೂ ಬರುವ ಮಾತುಗಳು. ಗುಮ್ಮನ ಜಾಗದಲ್ಲಿ ಟೀಚರ್‌ನ ಕೂರಿಸಿದ ಮೇಲೆ ಮಗು ಅವರ ಮಡಿಲಿಗೆ ಹೇಗೆ ಹೋದೀತು? ನಿಜಕ್ಕಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ನಾವೇ ಬೆತ್ತದ ಚಿತ್ರ ಬಿಡಿಸಿ ಕಳಿಸುವುದು ಬೇಡ.

‘ಪಕ್ಕದ ಮನೆ ಹುಡುಗಿ ನೋಡು, ಅಳೋದೇ ಇಲ್ಲ’ ಎಂಬ ಹೋಲಿಕೆಯೂ ಬೇಡ. ‘ಸ್ಕೂಲಲ್ಲಿ ಬರೀ ಮಜಾ’ ಎಂಬ ಅತಿ ಆಸೆಯೂ ಬೇಡ. ಮೊದಲ ದಿನವೇ ಅದು ಸುಳ್ಳೆಂದು ಗೊತ್ತಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ: ‘ಅಲ್ಲಿ ತುಂಬ ಮಕ್ಕಳಿರ್ತಾರೆ. ಹಾಡು ಇರುತ್ತೆ, ಮಣ್ಣಿರುತ್ತೆ. ಒಂದೊಂದ್ಸಲ ನನ್ನ ನೆನಪಾಗಿ ಅಳು ಬರಬಹುದು. ಆಗ ಟೀಚರ್ ಹತ್ರ ಹೋಗು. ಊಟ ಆಗಿ ಹಾಡು ಹೇಳಿದ ಮೇಲೆ ನಾನು ಬರ್ತೀನಿ.’

ಆರೋಗ್ಯದ ಲೆಕ್ಕ

ತಾಯಿ ಕಾರ್ಡ್ ತೆಗೆದು ನೋಡಿ. ಒಂದೂವರೆ ಎರಡು ವರ್ಷದ ನಡುವೆ ಹಾಕಿಸಬೇಕಾದ ದಡಾರ ರುಬೆಲ್ಲಾದ ಎರಡನೇ ಡೋಸ್, ಡಿ.ಪಿ.ಟಿ. ಬೂಸ್ಟರ್ ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಡಿ.ಪಿ.ಟಿ.ಯ ಮುಂದಿನ ಬೂಸ್ಟರ್ 5–6 ವರ್ಷಕ್ಕೆ. ವಿಟಮಿನ್ ‘ಎ’ ಹನಿ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿಯಲ್ಲೇ ಮಾತ್ರೆ ಕೊಡುತ್ತಾರೆ.

ಹತ್ತಾರು ಮಕ್ಕಳ ಜೊತೆ ಬೆರೆತ ಮೊದಲ ತಿಂಗಳುಗಳಲ್ಲಿ ನೆಗಡಿ, ಕೆಮ್ಮು, ಜ್ವರ ಮತ್ತೆ ಮತ್ತೆ ಬರುವುದು ಸಾಮಾನ್ಯ. ಊಟಕ್ಕೆ ಮೊದಲು, ಶೌಚದ ನಂತರ ಸೋಪು ಹಾಕಿ ಕೈ ತೊಳೆಯುವ ರೂಢಿ ಮಾಡಿಸಿ. ಜ್ವರವಿದ್ದ ದಿನ ಔಷಧ ಕುಡಿಸಿ ಕಳಿಸಬೇಡಿ. ಬೇರೆ ಮನೆಗಳ ಮಕ್ಕಳ ಹೊಣೆಯೂ ನಮ್ಮ ಮೇಲಿದೆ.

ಮೂರು ತುಂಬಿದರೂ ಎರಡು ಮೂರು ಪದ ಜೋಡಿಸಿ ಮಾತಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಕಣ್ಣಿಗೆ ಕಣ್ಣು ಕೂಡಿಸದಿದ್ದರೆ, ಬೇರೆ ಮಕ್ಕಳ ಗೊಡವೆಯೇ ಇಲ್ಲದಿದ್ದರೆ ‘ಸ್ಕೂಲಿಗೆ ಹೋದರೆ ಸರಿಹೋಗುತ್ತೆ’ ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಳವಣಿಗೆ ಮತ್ತು ನಡವಳಿಕೆಯ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಬೇಗ ಹಿಡಿದಷ್ಟೂ ಫಲ ಹೆಚ್ಚು.

ಮೊದಲ ದಿನ, ಮೊದಲ ತಿಂಗಳು

ಹಿಂದಿನ ರಾತ್ರಿಯೇ ಬಟ್ಟೆ, ಬ್ಯಾಗು ಜೋಡಿಸಿ. ಬೆಳಗಿನ ಧಾವಂತವೇ ಅಳುವಿಗೆ ಅರ್ಧ ಕಾರಣ. ಮನೆಮಂದಿಯೆಲ್ಲ ಹಿಂದೆ ಬರುವುದು ಬೇಡ. ಅಪ್ಪನೋ ಅಮ್ಮನೋ, ಯಾರನ್ನು ಮಗು ಸುಲಭವಾಗಿ ಬಿಟ್ಟುಕೊಡುತ್ತದೋ ಅವರೊಬ್ಬರು ಸಾಕು. ನಿಮ್ಮ ಹಳೆಯ ಸೀರೆಯ ಒಂದು ತುಂಡನ್ನು ಕರವಸ್ತ್ರವಾಗಿ ಹೊಲಿದು ಜೇಬಿಗಿಡಿ. ನನ್ನ ಮಗಳಿಗೆ ಆಮೇಲೆ ಆಸರೆಯಾದದ್ದು ಅಂಥದ್ದೇ ಒಂದು ನೀಲಿ ತುಂಡು.

ಗೇಟಿನ ಬಳಿ ಬೀಳ್ಕೊಡುಗೆ ಚಿಕ್ಕದಾಗಿರಲಿ. ಒಂದು ಅಪ್ಪುಗೆ, ಒಂದು ಮುತ್ತು, ‘ಊಟ ಆಗಿ ಹಾಡು ಹೇಳಿದ ಮೇಲೆ ಬರ್ತೀನಿ’ ಎಂಬ ಮಾತು. ಟೀಚರ್ ಕೈಗೆ ಮಗುವಿನ ಕೈಯನ್ನು ನೀವೇ ಕೊಡಿ. ಕೊಟ್ಟ ಮೇಲೆ ಹೊರಡಿ. ಅಳು ಕೇಳಿ ಮೂರು ಸಲ ಹಿಂದಿರುಗಿದರೆ, ಇನ್ನೂ ಜೋರಾಗಿ ಅತ್ತರೆ ಅಮ್ಮ ಸಿಗುತ್ತಾಳೆ ಎಂದು ಮಗು ತಿಳಿಯುತ್ತದೆ. ಅಳಲಿ. ಪ್ರೀತಿಸುವವರನ್ನು ಬಿಟ್ಟು ಇರುವಾಗ ಅಳುವುದು ತಪ್ಪಲ್ಲ. ಹತ್ತು ನಿಮಿಷದ ನಂತರ ಫೋನ್ ಮಾಡಿ ಕೇಳಿ. ಹೆಚ್ಚಿನ ಮಕ್ಕಳು ಅಷ್ಟರಲ್ಲಿ ಒಂದು ಆಟಿಕೆ ಹಿಡಿದಿರುತ್ತಾರೆ.

ಎರಡನೆಯ ವಾರ ಹುಷಾರು. ಮೊದಲ ವಾರ ನಗುತ್ತ ಹೋದ ಮಗು, ಇದು ದಿನದಿನವೂ ಇರುವಂಥದ್ದು ಎಂದು ಅರಿವಾದಾಗ ಅಳತೊಡಗಬಹುದು. ಸೋಮವಾರಗಳು ಕಷ್ಟ. ಮಳೆಯ ರಜೆ, ಜ್ವರದ ರಜೆ, ಮುಂದೆ ದಸರಾ ರಜೆ ಮುಗಿದ ಮೇಲೆ ಎಲ್ಲ ಮೊದಲಿನಿಂದ ಶುರುವಾದಂತೆ ಅನಿಸಬಹುದು. ಹಿಂಜರಿಯಬೇಡಿ, ಪ್ರತಿ ಸಲ ಹೊಂದಿಕೆ ಇನ್ನಷ್ಟು ಬೇಗ ಆಗುತ್ತದೆ.

ಶಾಲೆಯಲ್ಲಿ ‘ಜಾಣ’ ಎನಿಸಿಕೊಂಡ ಮಗು ಮನೆಗೆ ಬಂದು ಸಣ್ಣ ಮಾತಿಗೂ ರಚ್ಚೆ ಹಿಡಿಯಬಹುದು. ಬೆಳಗಿನಿಂದ ಹಿಡಿದಿಟ್ಟದ್ದನ್ನು ನಿಮ್ಮ ಮಡಿಲಲ್ಲಿ ಸುರಿಯುತ್ತಿದೆ, ಅಷ್ಟೇ. ‘ಇವತ್ತೇನು ಕಲಿತೆ?’ ಎಂಬ ಪ್ರಶ್ನೆಗೆ ಮೊದಲು ಒಂದು ಲೋಟ ನೀರು, ಏನಾದರೂ ತಿನ್ನಲು, ಅರ್ಧ ಗಂಟೆ ತೊಡೆ. ಆಮೇಲೆ ‘ಯಾರ ಪಕ್ಕ ಕೂತಿದ್ದೆ?’, ‘ಯಾವ ಹಾಡಿತ್ತು?’ ಎಂದು ಕೇಳಿ. ಕೆಲವು ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಬೆರಳು ಚೀಪುವುದೂ ಉಂಟು. ಬೈಯದೆ ಬಿಟ್ಟರೆ ಕೆಲವೇ ವಾರಗಳಲ್ಲಿ ಕಡಿಮೆಯಾಗುತ್ತದೆ. ಆರು ವಾರ ಕಳೆದರೂ ಮಗು ದಿನವಿಡೀ ಅಳುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿಗೇ ಬೆದರಿದರೆ, ಮೈಮೇಲೆ ಗುರುತು ಕಂಡರೆ ಅದು ಹೊಂದಿಕೆಯ ಮಾತಲ್ಲ. ಮಗುವಿನ ಮಾತನ್ನು ನಂಬಿ, ಶಾಲೆಗೆ ಹೋಗಿ ವಿಚಾರಿಸಿ, ಬೇಕೆನಿಸಿದರೆ ಶಾಲೆಯನ್ನೇ ಬಿಡಿಸಿ. ಆರು ತಿಂಗಳು ಮನೆಯಲ್ಲಿದ್ದು ಮತ್ತೆ ಸೇರುವ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ.

ಮಾತಿನ ಉಳಿದರ್ಧ

‘ಹೋಗಿ ಬರ್ತೀನಿ’ ಎಂಬುದರಲ್ಲಿ ಎರಡು ಭಾಗ. ಬೆಳಗ್ಗೆ ಗೇಟಿನಲ್ಲಿ ನಾವು ನಡೆಸಿಕೊಡುವುದು ಮೊದಲರ್ಧ ಮಾತ್ರ. ಉಳಿದರ್ಧ ಮಧ್ಯಾಹ್ನ ಅದೇ ಗೇಟಿನಲ್ಲಿ ನಮಗಾಗಿ ಕಾದಿರುತ್ತದೆ. ಬೇರೆ ಮಕ್ಕಳೆಲ್ಲ ಒಬ್ಬೊಬ್ಬರೇ ಹೋಗಿ, ತಾನೊಬ್ಬನೇ ಬ್ಯಾಗು ತಬ್ಬಿಕೊಂಡು ಬಾಗಿಲು ನೋಡುತ್ತ ಕೂರುವ ಹತ್ತು ನಿಮಿಷ, ಮೂರು ವರ್ಷದ ಮಗುವಿಗೆ ಇಡೀ ದಿನಕ್ಕಿಂತ ಉದ್ದ.

ಹಾಗಾಗಿ ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಉಳಿಸಿಕೊಳ್ಳಿ. ಮೊದಲ ತಿಂಗಳು ಕಚೇರಿಯಲ್ಲಿ ಕೇಳಿಯಾದರೂ, ಅಜ್ಜನನ್ನೋ ಚಿಕ್ಕಪ್ಪನನ್ನೋ ಒಪ್ಪಿಸಿಯಾದರೂ, ಬೆಳಗ್ಗೆ ಯಾರು ಬರುತ್ತಾರೆಂದು ಮಗುವಿಗೆ ಹೇಳಿದ್ದೀರೋ ಅವರೇ ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲು ಗೇಟಿನ ಮುಂದೆ ನಿಂತಿರಲಿ. ಬಾಗಿಲು ತೆರೆದಾಗ ಮಗುವಿನ ಕಣ್ಣಿಗೆ ಮೊದಲು ಬೀಳುವ ಮುಖ ಅದಾಗಿರಲಿ.